407 ಕಾರ್ಡುಗಳ ಸೆಟ್

ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕಿದ ನಮಗೆಲ್ಲ ಗೊತ್ತು, ಕೈಯಲ್ಲಿರುವ ನೂರಕ್ಕಿಂತ ಸಿಗದ ಒಂದೇ ಹೆಚ್ಚು ಕಾಡುತ್ತದೆ. ಅಮೆರಿಕದ ಮಕ್ಕಳನ್ನು ಬೇಸ್‌ಬಾಲ್ ಕಾರ್ಡು ಹೀಗೇ ಕಾಡಿತ್ತು.

1952ರಲ್ಲಿ ಟಾಪ್ಸ್ ಕಂಪನಿ ಬಬಲ್‌ಗಮ್ ಜೊತೆ 407 ಕಾರ್ಡುಗಳ ಸೆಟ್ ತಂದಿತು. ಪೊಟ್ಟಣದಲ್ಲಿ ಯಾವ ಆಟಗಾರ ಇದ್ದಾನೆಂದು ಒಡೆದ ಮೇಲೇ ಗೊತ್ತಾಗುತ್ತಿತ್ತು. ಎರಡೆರಡು ಬಂದರೆ ಗೆಳೆಯರ ಜೊತೆ ಅದಲುಬದಲು. ಕಾರ್ಡುಗಳು ಕಂತುಕಂತಾಗಿ ಬರುತ್ತಿದ್ದವು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗೆ ಬರುವಾಗ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಕೊಳ್ಳುವವರು ಕಡಿಮೆಯಾದರು. ಮಾರಾಟವಾಗದೆ ಉಳಿದದ್ದನ್ನು 1960ರಲ್ಲಿ ಸಮುದ್ರಕ್ಕೆ ಸುರಿದೆವು ಎಂದು ಟಾಪ್ಸ್‌ನ ಸೈ ಬರ್ಗರ್ ಮುಂದೆ ಹೇಳಿದರು. ಅದೇ ಕಂತಿನ 311ನೇ ಕಾರ್ಡು ಮಿಕಿ ಮ್ಯಾಂಟಲ್ ಅವರದು. ಅದರ ಒಂದು ಪ್ರತಿ 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು.

1974ರಲ್ಲಿ ಟಾಪ್ಸ್ ಎಲ್ಲ ಕಾರ್ಡುಗಳನ್ನೂ ಒಂದೇ ಸಲ ಬಿಟ್ಟಿತು. 1980ರ ದಶಕದಲ್ಲಿ ಪೂರ್ತಿ ಸೆಟ್ಟೇ ಡಬ್ಬದಲ್ಲಿ ಸಿಗತೊಡಗಿತು. ಇಂಟರ್‌ನೆಟ್ ಬಂದ ಮೇಲೆ ಬೇಕಾದ ಒಂದೇ ಕಾರ್ಡನ್ನು ಹುಡುಕಿ ತರಿಸಬಹುದು.

ಕಾಯುವ ಕಷ್ಟ ತಪ್ಪಿತು, ನಿಜ. ಆದರೆ ಕೊನೆಯ ಕಾರ್ಡಿಗಾಗಿ ಪಕ್ಕದ ಬೀದಿಯ ಹುಡುಗನ ಸ್ನೇಹ ಮಾಡುವ ಅಗತ್ಯವೂ ತಪ್ಪಿತು. ಆಗ ಗೆಳೆಯರಿಲ್ಲದೆ ಸೆಟ್ ತುಂಬುತ್ತಿರಲಿಲ್ಲ, ಈಗ ದುಡ್ಡಿದ್ದರೆ ಸಾಕು.