ದಂಡಕ್ಕಿಂತ ಅಲೆದಾಟವೇ ದುಬಾರಿ: ಪುಣೆ ಪಾಲಿಕೆ ಕೋರ್ಟ್‌ನ ಪದ್ಧತಿ ಬದಲಿಸುವುದು ಯಾರು?

ಪುಣೆ: ಹೆಸರು ಪಾಲಿಕೆ ನ್ಯಾಯಾಲಯ. ಆದರೆ ಇದು ಪಾಲಿಕೆಯ ಇಲಾಖೆಯಲ್ಲ. ಇಲ್ಲಿ ವಿಚಾರಣೆ ನಡೆಸುವವರು ಬಾಂಬೆ ಹೈಕೋರ್ಟ್ ಅಧೀನದ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್. 1950ರ ಫೆಬ್ರವರಿ 15ರಂದು ರಚನೆಯಾದ ಪುಣೆ ಮಹಾನಗರ ಪಾಲಿಕೆ ಅವರ ಮುಂದೆ ಬರೀ ದೂರುದಾರ. ಹಾಗಾಗಿ ಕೋರ್ಟ್‌ನ ಕಾರ್ಯವೈಖರಿ ಬದಲಿಸಲು ಪಾಲಿಕೆ ಸಭೆಯ ನಿರ್ಣಯ ಸಾಲದು. ಹೆಚ್ಚುವರಿ ಕೋರ್ಟ್ ಬೇಕಿದ್ದರೂ ರಾಜ್ಯ ಸರ್ಕಾರ ಹೈಕೋರ್ಟ್ ಜತೆ ಸಮಾಲೋಚಿಸಿ ಅಧಿಸೂಚನೆ ಹೊರಡಿಸಬೇಕು.

ಹಾಗಂತ ಏನೂ ಬದಲಾಗಿಲ್ಲ ಎಂದಲ್ಲ. ಪರವಾನಗಿಯಿಲ್ಲದ ವ್ಯಾಪಾರದಂಥ ಸಣ್ಣ ಪ್ರಕರಣದಲ್ಲಿ ತಳ್ಳುಗಾಡಿಯವರಿಗೆ ದಂಡಕ್ಕಿಂತ ಹೊರೆಯಾಗುವುದು ಕೋರ್ಟ್‌ಗೆ ಅಲೆದು ಕಳೆದುಕೊಳ್ಳುವ ದಿನದ ದುಡಿಮೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 229ನೇ ಕಲಂ ಇಲ್ಲಿ ನೆರವಾಗುತ್ತದೆ. ದಂಡವಷ್ಟೇ ಶಿಕ್ಷೆಯಾಗಿರುವ ಸಣ್ಣ ಅಪರಾಧದ ಮಿತಿ 1,000 ರೂ.ನಿಂದ 5,000 ರೂ.ಗೆ ಏರಿದೆ. ಇಂಥ ಪ್ರಕರಣ ಸಂಕ್ಷಿಪ್ತ ವಿಚಾರಣೆಯಲ್ಲೇ ಮುಗಿಯುವಂತಿದ್ದರೆ ಮ್ಯಾಜಿಸ್ಟ್ರೇಟ್ ವಿಶೇಷ ಸಮನ್ಸ್ ಕಳಿಸಬೇಕು. ಬೇಡವೆನಿಸಿದರೆ ಕಾರಣ ಬರೆದಿಡಬೇಕು. ಆರೋಪಿ ತಪ್ಪೊಪ್ಪಿಗೆ ಪತ್ರ ಮತ್ತು ದಂಡದ ಮೊತ್ತವನ್ನು ಅಂಚೆಯಲ್ಲೇ ಕಳಿಸಬಹುದು.

ಆದರೆ ಗಮನಿಸಿ, ಇದು ಪಾರ್ಕಿಂಗ್ ಚೀಟಿಯಂಥದ್ದಲ್ಲ. ಸಹಿ ಹಾಕಿದರೆ ಅಪರಾಧ ಒಪ್ಪಿದಂತೆಯೇ. ಆರೋಪ ಸುಳ್ಳು ಎನ್ನುವವರು ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗಿ ವಾದಿಸಬೇಕು.