ಪ್ರಯೋಗಾಲಯದ ಗೋಡೆಯ ಮೇಲೆ ಹುಸೇನ್

ಕಚೇರಿಯ ಗೋಡೆ ಎಂದೊಡನೆ ಕ್ಯಾಲೆಂಡರ್, ಹಾರ ಬಾಡಿದ ನಾಯಕರ ಭಾವಚಿತ್ರ ನೆನಪಾಗುವುದು ಸಹಜ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇದಕ್ಕೆ ಅಪವಾದ. 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾಗಿ ಅದೇ ವರ್ಷ ಮುಂಬೈಗೆ ಹೋದ ಈ ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ ಸ್ವತಃ ಕುಂಚ ಹಿಡಿದವರು. ಸಂಸ್ಥೆಯ ಹಣದಲ್ಲಿ ಶೇ 1ರಷ್ಟನ್ನು ಕಲಾಕೃತಿಗಳಿಗೆ ವೆಚ್ಚ ಮಾಡಲು ಅವರು ಪ್ರಧಾನಿ ನೆಹರೂ ಅವರ ಒಪ್ಪಿಗೆ ಪಡೆದರು.

ಬಡ ದೇಶದ ಪ್ರಯೋಗಾಲಯಕ್ಕೆ ಈ ಶೋಕಿ ಬೇಕಿತ್ತೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಗ ಆಧುನಿಕ ಚಿತ್ರಗಳನ್ನು ಕೊಳ್ಳುವವರೇ ವಿರಳ. ಗಾಯ್ತೊಂಡೆ, ಆರಾ, ಸೋಜಾ, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮುಂತಾದವರ ಕೃತಿಗಳು ಸಂಸ್ಥೆಗೆ ಬಂದವು. ಇವರಲ್ಲಿ ಕೆಲವರ ಚಿತ್ರಗಳಿಗೆ ಇಂದು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ. ಲಾಭ ಎಂದರೆ ಅದಲ್ಲ ಬಿಡಿ. ಚಿತ್ರಗಳು ನಿರ್ದೇಶಕರ ಕೊಠಡಿಗಷ್ಟೇ ಮೀಸಲಾಗಲಿಲ್ಲ. ಮೊಗಸಾಲೆಯಲ್ಲಿ, ಓಡಾಡುವ ಹಾದಿಗಳಲ್ಲಿ ತೂಗಿದವು. ಗಣಿತಜ್ಞನಾಗಲಿ ಗುಮಾಸ್ತನಾಗಲಿ, ಕೆಲಸಕ್ಕೆ ಬಂದವರು ಅವುಗಳ ಮುಂದೆಯೇ ಹಾದುಹೋಗಬೇಕು.

1962ರಲ್ಲಿ ಉದ್ಘಾಟನೆಯಾದ ಕೊಲಾಬಾ ಕಟ್ಟಡದ ಮೊಗಸಾಲೆಯಲ್ಲಿರುವ, ಎಂ.ಎಫ್. ಹುಸೇನ್ ರಚಿಸಿದ ‘ಭಾರತ ಭಾಗ್ಯವಿಧಾತ’ ಚಿತ್ರದ ಉದ್ದವೇ 45 ಅಡಿ. 1966ರ ವಿಮಾನ ಅಪಘಾತದಲ್ಲಿ ಭಾಭಾ ಮಡಿದರು. ಅವರ ನಂತರ ಬಂದ ಎಂ.ಜಿ.ಕೆ. ಮೆನನ್ ಚಿತ್ರ ಕೊಳ್ಳುವುದನ್ನು ನಿಲ್ಲಿಸಲಿಲ್ಲ.