ಕೃತ್ತಿವಾಸನ ಮಾತು ತಿದ್ದಿದ ಪಂಡಿತ

ಒಂದು ಪದ ತೆಗೆದು ಅದೇ ಅರ್ಥದ ಇನ್ನೊಂದು ಪದ ಇಟ್ಟರೆ ಏನು ನಷ್ಟ? ಅರ್ಥ ಹಾಗೇ ಇರುತ್ತಲ್ಲ ಅಂತೀವಿ. ಇವತ್ತು ಇದೇ ಕೆಲಸ ಮಾಡಿದ ಕೋಲ್ಕತಾದ ಒಬ್ಬ ಪಂಡಿತರ ಕಥೆ ಹೇಳ್ತೀನಿ.

ಅವರು ಜಯಗೋಪಾಲ ತರ್ಕಾಲಂಕಾರ. ಕೋಲ್ಕತಾ ಸಂಸ್ಕೃತ ಕಾಲೇಜಿನ ಅಧ್ಯಾಪಕರು, ಈಶ್ವರಚಂದ್ರ ವಿದ್ಯಾಸಾಗರರ ಗುರುಗಳು. ಹತ್ತಿರದಲ್ಲೇ, ಹೂಗ್ಲಿ ನದಿಯ ದಡದಲ್ಲಿ, ಸೆರಾಂಪುರದ ಮಿಷನ್ ಮುದ್ರಣಾಲಯ ಇತ್ತು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿದ್ದೂ ಅಲ್ಲೇ! ಕೃತ್ತಿವಾಸನ ಬಂಗಾಳಿ ರಾಮಾಯಣವನ್ನು ಮೊದಲು ಅಚ್ಚು ಹಾಕಿದ್ದೂ ಇದೇ ಮುದ್ರಣಾಲಯ. 1830ರ ದಶಕದ ಆವೃತ್ತಿಗೆ ಜಯಗೋಪಾಲರು ಕೈ ಹಾಕಿದರು. ಹಳೆಯ ಪದ, ಹಳ್ಳಿಯ ಪದ ಕಂಡಲ್ಲಿ ಅಚ್ಚುಕಟ್ಟಾದ ಸಂಸ್ಕೃತ ಪದ ಕೂರಿಸಿದರು. ಆಮೇಲಿನ ಅಗ್ಗದ ಪ್ರತಿಗಳು ಈ ಪಾಠವನ್ನೇ ಹಿಡಿದವು. ಮನೆಮನೆಯಲ್ಲಿ ಜನ ಕೃತ್ತಿವಾಸನದು ಅಂತ ಓದಿದ ಎಷ್ಟೋ ಸಾಲು ನಿಜಕ್ಕೂ ಪಂಡಿತರದ್ದು.

ಇನ್ನೊಂದು ನೋಡಿ. 1837ರ ಕಾಯ್ದೆ ಕಚೇರಿಗಳಲ್ಲಿ ಪಾರಸಿಯ ಪಟ್ಟ ಇಳಿಸಲು ದಾರಿ ಮಾಡಿತು. ಮರುವರ್ಷವೇ ಜಯಗೋಪಾಲರ 'ಪಾರಸೀಕ ಅಭಿಧಾನ' ಬಂತು: ಬಂಗಾಳಿಯಲ್ಲಿ ಸೇರಿಹೋಗಿದ್ದ ಪಾರಸಿ ಪದಗಳು, ಎದುರಿಗೆ ಅವುಗಳ ಬದಲಿ ಪದಗಳು. ಫಲ? ಬಂಗಾಳಿಗರ ಬಾಯಲ್ಲಿ ಇವತ್ತಿಗೂ ವಕೀಲ 'ಉಕಿಲ್', ಜಮೀನು 'ಜಮಿ', ಕೋರ್ಟು 'ಆದಾಲತ್'. ನಮ್ಮಲ್ಲೂ ಅರ್ಜಿ, ರುಜು, ತಕರಾರು ಹೋದವಾ?

ನನಗನ್ನಿಸೋದು ಇಷ್ಟೇ. ದಿನಾ ಆಡುವವರು ಇದ್ದರೆ ಪದ ಸುಲಭಕ್ಕೆ ಜಾಗ ಬಿಡೋಲ್ಲ. ತೀರಿಹೋದ ಕವಿಯ ಪದ ಮಾತ್ರ ಸದ್ದಿಲ್ಲದೆ ಹೋಗುತ್ತೆ, ಬೇಡ ಅನ್ನೋಕೆ ಅವನಿಲ್ಲ. ಅರ್ಥ ಉಳಿದರೂ ದನಿ ಹೋಗುತ್ತೆ.